ಮಗ್ಗದ ಅಜ್ಜಿ ಯಾವ ಕ್ಲಾಸು?

ಪ್ರಶ್ನೆ: ಸರ್, ನಾವು ಇಳಕಲ್ಲಿನ ಐದು ಮಂದಿ ಗೆಳೆಯರು ರವಿವಾರಕ್ಕೊಮ್ಮೆ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತಾ ಸಾಹಸದ ಕತೆ ಕಟ್ಟುವ ಆಟ. ಆಟ ನಡೆಸುವವನು ನಾನೇ. ಕತೆಯ ಊರಿನಲ್ಲೂ ಮಗ್ಗ, ಸಂತೆ, ಖಾನಾವಳಿ ಎಲ್ಲ ಇಟ್ಟಿದ್ದೇನೆ. ಹೋದ ವಾರ ಒಬ್ಬ ಕೇಳಿದ, 'ಈ ಸೀರೆ ನೇಯೋ ಅಜ್ಜಿ ಯಾವ ಕ್ಲಾಸು, ಎಷ್ಟನೇ ಲೆವೆಲ್ಲು?' ನನಗೆ ಉತ್ತರ ಹೊಳೆಯಲಿಲ್ಲ. ಸಾಮಾನ್ಯ ಜನರಿಗೂ ಕ್ಲಾಸ್ ಇರಬೇಕಾ?

ಉತ್ತರ: ಬೇಡ. ಕ್ಲಾಸ್ ಅಂದರೆ ಉದ್ಯೋಗ ಅಲ್ಲ. ಸಾಹಸಕ್ಕೆ ಹೊರಟವನು ಆಡ್ತಾ ಆಡ್ತಾ ಹೇಗೆ ಬಲಿಯುತ್ತಾನೆ ಅನ್ನುವುದರ ಲೆಕ್ಕ ಅದು, ಲೆವೆಲ್ ಅಂದರೆ ಹಾಗೆ ಬಲಿಯುವ ಮೆಟ್ಟಿಲು. ಆಟದಲ್ಲಿ ಕಾದಾಡುವವರ ಕ್ಲಾಸ್ ಫೈಟರ್, ದೇವರ ಬಲದವರದು ಕ್ಲೆರಿಕ್; ಆದರೆ ಗರಡಿ ಮನೆಯ ಪೈಲ್ವಾನನೆಲ್ಲ ಫೈಟರ್ ಅಲ್ಲ, ಗುಡಿಯ ಪೂಜಾರಿಯೆಲ್ಲ ಕ್ಲೆರಿಕ್ ಅಲ್ಲ.

ಆದರೆ ನಿಮ್ಮ ಗೆಳೆಯರದು ಸುಮ್ನೆ ಕೇಳಿದ ಪ್ರಶ್ನೆ ಅಂತ ತಳ್ಳಿಹಾಕುವ ಹಾಗಿಲ್ಲ. ಈ ಆಟ ಮಾಡಿದವರೇ ಒಮ್ಮೆ ಅದಕ್ಕೆ 'ಹೌದು' ಅಂದಿದ್ದರು. 2000ರಲ್ಲಿ ಬಂದ ಮೂರನೇ ಆವೃತ್ತಿಯಲ್ಲಿ ಊರಿನ ಜನಕ್ಕೇ ಅಂತ ಐದು ಕ್ಲಾಸ್ ಇದ್ದವು: ಕಾಮನರ್ (ಸಾಮಾನ್ಯ), ಎಕ್ಸ್‌ಪರ್ಟ್ (ಕಸುಬುದಾರ), ವಾರಿಯರ್ (ಕಾವಲು ಸೈನಿಕ), ಅಡೆಪ್ಟ್ (ಊರ ಮಂತ್ರವಾದಿ), ಅರಿಸ್ಟೋಕ್ರಾಟ್ (ಸಿರಿವಂತ). ಕೇಳೋಕೆ ಚೆಂದ. ಕಾಮನರ್‌ಗೆ ಹಿಟ್ ಪಾಯಿಂಟ್, ಅಂದ್ರೆ ಏಟು ತಡಕೊಳ್ಳುವ ಅಂಕ, ಸಿಗುತ್ತಿದ್ದದ್ದು ಲೆವೆಲ್ಲಿಗೊಂದು ನಾಲ್ಕು ಮುಖದ ದಾಳ, ಹಾಗಾಗಿ ಮನೆ ಬೆಕ್ಕು ನಾಲ್ಕೈದು ಸಲ ಪರಚಿದರೆ ರೈತ ಅಂಗಾತ ಬೀಳ್ತಾನೆ ಅಂತ ಆಡುವವರು ಇವತ್ತಿಗೂ ನಗುತ್ತಾರೆ.

ನಿಜವಾದ ತೊಡಕು ಬೆಕ್ಕಿನದಲ್ಲ, ನಿಮ್ಮ ಅಜ್ಜಿಯದು. ಆ ನಿಯಮದಲ್ಲಿ ಒಂದು ಕಸುಬು ಎಷ್ಟು ಕಲಿಯಬಹುದು ಅನ್ನುವುದಕ್ಕೆ ಮಿತಿ ಇತ್ತು, ಲೆವೆಲ್‌ಗೆ 3 ಕೂಡಿಸಿದರೆ ಬರುವಷ್ಟೇ. ನಲವತ್ತು ವರ್ಷ ಮಗ್ಗದ ಮುಂದೆ ಕೂತವಳಿಗೆ ನೇಯ್ಗೆಯಲ್ಲಿ 10 ಕೊಡಬೇಕು ಅಂದ್ರೆ ಅವಳು 7ನೇ ಲೆವೆಲ್ ಎಕ್ಸ್‌ಪರ್ಟ್ ಆಗಲೇಬೇಕು. ಆಗ ಅವಳಿಗೆ ಆರು ಮುಖದ ದಾಳ ಏಳು, ಸರಾಸರಿ 24 ಹಿಟ್ ಪಾಯಿಂಟ್. ಊರ ಬಾಗಿಲು ಕಾಯುವ 1ನೇ ಲೆವೆಲ್ ವಾರಿಯರ್‌ಗೆ ಎಂಟು ಮುಖದ ದಾಳ ಒಂದೇ, ಅದೃಷ್ಟ ಚೆನ್ನಾಗಿದ್ದರೆ 8. ಅಂದ್ರೆ ಕತ್ತಿ ಹಿಡಿದ ಕಾವಲುಗಾರನಿಗಿಂತ ಮೂರು ಪಟ್ಟು ಏಟು ಅಜ್ಜಿ ತಡಕೊಳ್ತಾಳೆ! ಮತ್ತೆ ಆ ಲೆವೆಲ್ಲಾದರೂ ಎಲ್ಲಿಂದ ಬಂತು? ಲೆವೆಲ್ ಏರುವುದು ಅನುಭವದ ಅಂಕದಿಂದ, ಅದು ಹೆಚ್ಚಾಗಿ ಸಿಗುವುದು ರಾಕ್ಷಸರನ್ನು ಸೋಲಿಸಿದರೆ. ಅಜ್ಜಿ ಯಾವ ಓಣಿಯಲ್ಲಿ ಎಷ್ಟು ಗಾಬ್ಲಿನ್ ಕೆಡವಿದಳು ಅಂತ ನಿಮ್ಮ ಗೆಳೆಯ ಮುಂದಿನ ವಾರ ಕೇಳಿಯೇ ಕೇಳ್ತಾನೆ ನೋಡಿ.

2014ರ ಐದನೇ ಆವೃತ್ತಿ ಈ ಗೋಜಿಗೇ ಹೋಗಲಿಲ್ಲ. ಅಲ್ಲಿ ಕಾಮನರ್ ಅಂದರೆ ನಾಲ್ಕು ಸಾಲು: ಹಿಟ್ ಪಾಯಿಂಟ್ 4, ಬಲ, ಬುದ್ಧಿ ಮೊದಲಾದ ಆರೂ ಗುಣಗಳಿಗೆ 10, ಕೈಯಲ್ಲೊಂದು ದೊಣ್ಣೆ. ಕ್ಲಾಸ್ ಇಲ್ಲ, ಲೆವೆಲ್ ಇಲ್ಲ. ಅದನ್ನೇ ತಗೊಳ್ಳಿ, ನೇಯ್ಗೆಗೆ ಮಾತ್ರ ದಾಳಕ್ಕೆ ಕೂಡಿಸೋಕೆ ನೇರವಾಗಿ 8 ಅಂತ ಬರೆದುಬಿಡಿ. ಆಟ ನಡೆಸುವವರು ನೀವು, ಯಾರ ಅಪ್ಪಣೆಯೂ ಬೇಕಿಲ್ಲ.

ಬೆಳಗಾವಿಯಲ್ಲಿ ನಮ್ಮ ಆಟದಲ್ಲಿ ನಾನೂ ಒಮ್ಮೆ ಖಾನಾವಳಿಯ ಅಕ್ಕನಿಗೆ ಕ್ಲಾಸ್, ಲೆವೆಲ್ ಅಂತ ಎರಡು ಪುಟ ತುಂಬಿಸಿ ಕೂತಿದ್ದೆ. ಹುಡುಗರು ಬಂದರು, 'ಅಕ್ಕಾ, ಇನ್ನೊಂದು ರೊಟ್ಟಿ ಹಾಕ್ರಿ' ಅಂದರು, ಉಂಡರು, ಹೋದರು. ಒಂದು ರಾತ್ರಿ ದಂಡ.

ಒಂದು ಕಡೆ ಮಾತ್ರ ನಾನು ಸಡಿಲ ಬಿಡ್ತೀನಿ. ಊರಿನವರೇ ಕತೆಯ ನಾಯಕರಾಗಬೇಕು ಅಂತಿದ್ದರೆ 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್ ಅನ್ನುವ ಇನ್ನೊಂದು ಆಟ ನೋಡಿ. ಅಲ್ಲಿ ಶುರುವಿಗೆ ಒಬ್ಬೊಬ್ಬ ಆಟಗಾರನಿಗೂ ಮೂರ್ನಾಲ್ಕು ಮಂದಿ ಸಾಮಾನ್ಯರು, ಎಲ್ಲ ಸೊನ್ನೆ ಲೆವೆಲ್, ಕಸುಬು ಒಂದೇ ಗುರುತು. ಗುಹೆಯೊಳಗೆ ಹೋದವರಲ್ಲಿ ಬಹಳ ಮಂದಿ ವಾಪಸ್ ಬರುವುದಿಲ್ಲ. ಉಳಿದವರಿಗೇ ಕ್ಲಾಸ್.

ಅಜ್ಜಿ ಗುಹೆಗೆ ಹೋಗುವುದು ಬೇಡ, ಮನೆಯಲ್ಲೇ ಇರಲಿ. ಮುಂದಿನ ರವಿವಾರ ಕೊಲೆಯಾದವನ ಮುಷ್ಟಿಯಲ್ಲಿ ಹರಿದ ಸೆರಗಿನ ಚೂರು ಸಿಗಲಿ, ಹುಡುಗರು ಅದನ್ನು ಅಜ್ಜಿಯ ಹತ್ತಿರ ತರಲಿ. ಸೀರೆ ಮೈಯ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿರ್ತಾರಲ್ಲ, ಅಲ್ಲಿ ಬೆರಳಾಡಿಸಿ 'ಇದು ನಮ್ಮ ಓಣಿದಲ್ಲೋ ತಮ್ಮಾ' ಅನ್ನಲಿ. ಅದಕ್ಕೆ ದಾಳ ಕೂಡ ಉರುಳಿಸಬೇಡಿ.