ಓದುಗರ ಪ್ರಶ್ನೆ: ನರ್ಸಿಂಗ್ ಓದುವ ಹೆಂಡತಿ, ಮನೆ ಮತ್ತು ಡ್ಯೂಟಿ ಲಿಸ್ಟ್

ಈ ಸಲ ಬಂದ ಪತ್ರಗಳಲ್ಲಿ ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವೇ ಜಾಸ್ತಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ವಿಷಯ: ಮದುವೆಯಾದ ಮೇಲೆ ನರ್ಸಿಂಗ್ ಓದುತ್ತಿರುವವರ ಮನೆ ಹೇಗೆ ನಡೆಯಬೇಕು ಅನ್ನೋದು. ಗಂಡಂದಿರೇ ಹೆಚ್ಚು ಬರೆದಿದ್ದಾರೆ, ಅದು ಒಳ್ಳೆಯ ಲಕ್ಷಣ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಅಕ್ಕಾವ್ರೆ, ನಮ್ಮದು ಗುಳೇದಗುಡ್ಡ. ಮನೆಯಲ್ಲಿ ಖಣ ನೇಯುವ ಮಗ್ಗ ಇದೆ. ನನ್ನ ಹೆಂಡತಿ ಬಾಗಲಕೋಟೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಬನಶಂಕರಿ ಜಾತ್ರೆಗೆ ಮನೆ ತುಂಬ ಬೀಗರು ಬರುತ್ತಾರೆ, ಆಗ ಸೊಸೆ ಆಸ್ಪತ್ರೆಯಲ್ಲಿ ಇದ್ದರೆ ಹೆಂಗೆ ಅಂತ ಅವ್ವನ ತಕರಾರು. ಹಾಜರಿ 80 ಪರ್ಸೆಂಟ್ ಇದ್ದರೆ ಸಾಕಂತೆ. ಹಾಗಿದ್ದ ಮೇಲೆ ಒಂದು ವಾರ, ಹತ್ತು ದಿನ ರಜೆ ಹಾಕಿದರೆ ಏನಾಗುತ್ತದೆ? ಆಗೋದೇ ಇಲ್ಲ ಅಂತಾಳೆ ಹೆಂಡತಿ.

ಉತ್ತರ: ನಿಮ್ಮ ಹೆಂಡತಿ ಹೇಳಿದ್ದೇ ಸರಿ ತಮ್ಮಾ. ನೀವು ಕೇಳಿದ 80 ಪರ್ಸೆಂಟ್ ಇದೆಯಲ್ಲ, ಅದು ಪರೀಕ್ಷೆಗೆ ಕೂರೋಕೆ. ಪಾಠದಲ್ಲೂ 80 ಇರಬೇಕು, ಪ್ರಾಕ್ಟಿಕಲ್‌ನಲ್ಲೂ 80 ಇರಬೇಕು. ಆದರೆ ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಅಲ್ಲಿಗೇ ಮುಗಿಯಲ್ಲ. ಪದವಿ ಕೈಗೆ ಬರಬೇಕಾದರೆ ಪ್ರತಿಯೊಂದು ಪ್ರಾಕ್ಟಿಕಲ್ ವಿಭಾಗದಲ್ಲೂ ಹಾಜರಿ ನೂರಕ್ಕೆ ನೂರು ಆಗಿರಬೇಕು. ಅಂದರೆ ವಾರ್ಡಿಗೆ ಹಾಕಿದ ರಜೆ ಅಂಗಡಿಯ ಉದ್ದರಿ ಇದ್ದಹಾಗೆ, ಇವತ್ತು ತಂದರೂ ಒಂದು ದಿನ ತೀರಿಸಲೇಬೇಕು. ಆ ಒಂದು ದಿನ ಯಾವಾಗ ಬರುತ್ತದೆ ಗೊತ್ತಾ? ಜೊತೆಯವರೆಲ್ಲ ರಜೆಗೆ ಊರಿಗೆ ಹೋದಾಗ, ಅಥವಾ ಪರೀಕ್ಷೆ ಹತ್ತಿರ ಬಂದು ಓದೋಕೆ ಕೂರಬೇಕು ಅನ್ನುವಾಗ.

ಲೆಕ್ಕ ನೋಡಿ. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಪಾಠ ಮತ್ತು ಪೋಸ್ಟಿಂಗ್ (ಅಂದರೆ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಸರದಿ) ಎರಡೂ ಸೇರಿ 20 ವಾರ, ವಾರಕ್ಕೆ 40 ತಾಸು. ಎರಡನೇ ವರ್ಷ ಅಂದರೆ ಮೆಡಿಕಲ್ ವಾರ್ಡು, ಸರ್ಜಿಕಲ್ ವಾರ್ಡು, ಆಪರೇಶನ್ ಥಿಯೇಟರು ಅಂತ ಒಂದರ ಹಿಂದೆ ಒಂದು ಪೋಸ್ಟಿಂಗ್ ಇರುತ್ತದೆ. ಕೆಲವು ಪೋಸ್ಟಿಂಗ್ ಒಂದೇ ವಾರದ್ದು. ಆ ವಾರವೇ ನೀವು ರಜೆ ಹಾಕಿಸಿದರೆ ಇಡೀ ವಿಭಾಗವೇ ತಪ್ಪಿತು, ಲಾಗ್‌ಬುಕ್ಕಿನ ಆ ಪುಟಕ್ಕೆ ಸಹಿ ಬೀಳಲ್ಲ.

ಇನ್ನು ಅವ್ವನ ಮಾತು. ಇದನ್ನು ಅವರಿಗೆ ಹೇಳಬೇಕಾದವರು ನೀವು, ನಿಮ್ಮ ಹೆಂಡತಿ ಅಲ್ಲ. ಸೊಸೆ ಹೇಳಿದರೆ ಅದು ಎದುರುತ್ತರ, ಮಗ ಹೇಳಿದರೆ ಸುದ್ದಿ. ನಮ್ಮ ಕಡೆ ಮನೆಗಳಲ್ಲಿ ಇದು ಹೀಗೇ ಇದೆ, ಅದು ಸರಿ ಅಂತ ನಾನೇನೂ ಹೇಳುತ್ತಿಲ್ಲ, ಆದರೆ ಸದ್ಯಕ್ಕೆ ಇದರ ಉಪಯೋಗ ಮಾಡಿಕೊಳ್ಳಿ. ಡ್ಯೂಟಿ ಲಿಸ್ಟ್ ಬಂದ ದಿನವೇ ಅದನ್ನು ಅಡಿಗೆಮನೆ ಗೋಡೆಗೆ ಅಂಟಿಸಿ, ಕ್ಯಾಲೆಂಡರ್ ಪಕ್ಕದಲ್ಲೇ. ಹಬ್ಬ, ಅಮಾವಾಸ್ಯೆ, ಬೀಗರು ಬರುವ ದಿನ ಎಲ್ಲ ಅದೇ ಕ್ಯಾಲೆಂಡರಿನಲ್ಲಿ ಇರುತ್ತವಲ್ಲ, ಎರಡನ್ನೂ ಒಟ್ಟಿಗೆ ನೋಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಬೀಗರಿಗೆ ರೊಟ್ಟಿ ಯಾರು ಬಡಿಯಬೇಕು ಅನ್ನೋದೇ ನಿಜವಾದ ಪ್ರಶ್ನೆಯಾದರೆ, ನಿಮ್ಮ ಊರಲ್ಲಿ, ಬಾಗಲಕೋಟೆಯಲ್ಲಿ ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ. ಮೊದಲೇ ಹೇಳಿಟ್ಟರೆ ನೂರು ರೊಟ್ಟಿ ಮನೆಗೇ ಬರುತ್ತದೆ. ಶೇಂಗಾ ಚಟ್ನಿ ಅವ್ವನಿಗೆ ಬಿಡಿ, ಪಲ್ಯ ನೀವು ಮಾಡಿ.

ಜಾತ್ರೆಯನ್ನೇನೂ ಬಿಡಬೇಕಿಲ್ಲ. ತೇರು ಬನದ ಹುಣ್ಣಿಮೆಗೆ, ಆದರೆ ಜಾತ್ರೆ ವಾರಗಟ್ಟಲೆ ಇರುತ್ತದೆ, ನಾಟಕಗಳಂತೂ ರಾತ್ರಿಯೇ. ನೈಟ್ ಡ್ಯೂಟಿ ಇಲ್ಲದ ಶನಿವಾರ ನೋಡಿ ಇಬ್ಬರೂ ಹೋಗಿ ಬನ್ನಿ, ಆಯ್ತಾ?

ಪ್ರಶ್ನೆ: ಸಿಸ್ಟರ್, ನಾನು ಮುಧೋಳ ಕಡೆಯವಳು. ಕೊನೇ ಸೆಮಿಸ್ಟರ್, ಇಂಟರ್ನ್‌ಶಿಪ್ ನಡೆದಿದೆ. ನಮ್ಮವರು ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಇದ್ದಾರೆ. ಕಬ್ಬು ನುರಿಸುವ ಸೀಸನ್‌ನಲ್ಲಿ ಅವರಿಗೂ ಪುರುಸೊತ್ತಿಲ್ಲ, ನನಗೂ ಇಲ್ಲ. ನಾನು ನೈಟ್ ಮುಗಿಸಿ ಬಂದರೆ ಅವರು ಹೊರಡುತ್ತಾರೆ. ಹಗಲು ನಿದ್ದೆ ಬರಲ್ಲ, ಸಿಟ್ಟು ಬರುತ್ತದೆ, ಸಿಕ್ಕ ಅರ್ಧ ತಾಸಿನಲ್ಲಿ ಜಗಳವೇ ಆಗುತ್ತದೆ.

ಉತ್ತರ: ತಂಗಿ, ಇಂಟರ್ನ್‌ಶಿಪ್ ಅಂದರೆ ವಾರಕ್ಕೆ 48 ತಾಸು, 22 ವಾರ. ನಿದ್ದೆ ಕೆಟ್ಟವರಿಗೆ ಸಿಟ್ಟು ಬರೋದು ಸಹಜ. ನಿಮ್ಮ ಸಂಸಾರ ಕೆಟ್ಟಿಲ್ಲ, ನಿದ್ದೆ ಕೆಟ್ಟಿದೆ. ಮೊದಲು ಅದನ್ನೇ ಸರಿ ಮಾಡಿ.

ನೈಟ್ ಡ್ಯೂಟಿಯ ಮೊದಲ ದಿನ ಮಧ್ಯಾಹ್ನ ಒಂದೂವರೆ ತಾಸಾದರೂ ಮಲಗಿ ಹೋಗಿ. ವಾರ್ಡಿನಲ್ಲಿ ಚಾ ಕುಡಿಯೋದಾದರೆ ನಡುರಾತ್ರಿ ಒಳಗೇ ಮುಗಿಸಿ, ಬೆಳಗಿನ ಜಾವ ನಾಲ್ಕಕ್ಕೆ ಕುಡಿದ ಚಾ ಮನೆಗೆ ಬಂದು ಮಲಗಿದಾಗಲೂ ಮೈಯಲ್ಲಿ ಕೆಲಸ ಮಾಡುತ್ತಿರುತ್ತದೆ. ಬಂದವಳು ಹೊಟ್ಟೆಗೆ ಸ್ವಲ್ಪ ತಿಂದು ನೇರ ಮಲಗಬೇಕು. ಬಟ್ಟೆ ಒಗೆದು ಮಲಗ್ತೀನಿ, ಕಸ ಹೊಡೆದು ಮಲಗ್ತೀನಿ ಅಂದರೆ ಹನ್ನೊಂದು ಗಂಟೆ ಆಗುತ್ತದೆ, ಅಷ್ಟೊತ್ತಿಗೆ ನಮ್ಮ ಕಡೆಯ ತಗಡಿನ ಮನೆ ಕಾದು ಹಂಚಾಗಿರುತ್ತದೆ. ಕಿಟಕಿಗೆ ದಪ್ಪ ಕೌದಿ ಕಟ್ಟಿ. ಕತ್ತಲಿದ್ದರೆ ನಿದ್ದೆ ಬರುತ್ತದೆ. ಫೋನು ಸೈಲೆಂಟ್. ನೈಟ್ ಮುಗಿಸಿ ಸ್ಕೂಟಿ ಓಡಿಸಿಕೊಂಡು ಮಾತ್ರ ಬರಬೇಡಿ, ತೂಕಡಿಕೆಯಲ್ಲಿ ಬೀಳುತ್ತೀರಿ. ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಆಧಾರ್ ತೋರಿಸಿ ಬಸ್ಸಿನಲ್ಲಿ ಕೂತು ಬನ್ನಿ, ದುಡ್ಡೂ ಉಳಿಯಿತು.

ಸಿಗುವ ಆ ಅರ್ಧ ತಾಸಿನಲ್ಲಿ ಗ್ಯಾಸು, ಸಂಘದ ಕಂತು, ಅತ್ತೆಯ ಔಷಧಿ ಇವನ್ನೆಲ್ಲ ಮಾತಾಡಬೇಡಿ. ಅದಕ್ಕೆ ಒಂದು ವಹಿ ಇಡಿ, ಬೇಕಾದ್ದು ಬರೆದಿಟ್ಟು ಹೋಗಿ, ಓದಿದವರು ಮಾಡಲಿ. ಬಾಯಿಗೆ ಬೇರೆ ಮಾತು ಇರಲಿ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಓದುತ್ತಿದ್ದಾಳೆ. ಹೋದ ತಿಂಗಳು ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸೂಜಿ ಬೆರಳಿಗೆ ಚುಚ್ಚಿತಂತೆ. ಬೈತಾರೆ ಅಂತ ಯಾರಿಗೂ ಹೇಳಿಲ್ಲ, ನನಗೆ ಮೊನ್ನೆ ಹೇಳಿದಳು. ನನಗೆ ಹೆದರಿಕೆ. ಮನೆಯಲ್ಲಿ ಗೊತ್ತಾದ ಮೇಲೆ ಅವಳ ತಾಟು, ಬಟ್ಟೆ ಬೇರೆ ಇಡಿ ಅಂತಿದ್ದಾರೆ. ಏನು ಮಾಡಬೇಕು?

ಉತ್ತರ: ಮೊದಲು ತಾಟಿನ ವಿಷಯ. ಸೂಜಿಯಿಂದ ಬರಬಹುದಾದ ಎಚ್‌.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಇವು ಮೂರೂ ತಾಟಿನಿಂದ, ಲೋಟದಿಂದ, ಒಟ್ಟಿಗೆ ಕೂತು ಉಣ್ಣೋದರಿಂದ ಬರಲ್ಲ. ಅವಳ ತಾಟು ಎಲ್ಲರ ತಾಟಿನ ಜೊತೆಗೇ ಇರಲಿ. ಇದನ್ನು ಇವತ್ತೇ ಹೇಳಿ ಮುಗಿಸಿ, ನಾಳೆಗೆ ಬಿಡಬೇಡಿ.

ಈಗ ಅವಳ ವಿಷಯ. ಸೂಜಿ ಚುಚ್ಚಿದಾಗ ಏನು ಮಾಡಬೇಕಿತ್ತು ಅನ್ನೋದನ್ನು ಬರೆಯುತ್ತೇನೆ, ಓದುವ ಉಳಿದ ಹುಡುಗಿಯರಿಗೂ ಬೇಕು. ಗ್ಲೌಸ್ ತೆಗೆದು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಬೇಕು. ಬೆರಳು ಹಿಂಡಬಾರದು, ಬಾಯಲ್ಲಿ ಚೀಪಬಾರದು, ಸ್ಪಿರಿಟ್ಟು, ಬ್ಲೀಚು ಹಾಕಿ ಉಜ್ಜಬಾರದು. ತಕ್ಷಣ ವಾರ್ಡ್ ಸಿಸ್ಟರ್‌ಗೆ ಹೇಳಬೇಕು. ಯಾಕೆ ತಕ್ಷಣ ಅಂದರೆ, ಎಚ್‌.ಐ.ವಿ. ತಡೆಯುವ ಗುಳಿಗೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೆಯದು, 72 ತಾಸು ದಾಟಿದ ಮೇಲೆ ಅದರಿಂದ ಉಪಯೋಗ ಇಲ್ಲ. ಶುರು ಮಾಡಿದರೆ 28 ದಿನ ತಪ್ಪದೆ ನುಂಗಬೇಕು. ಬೈತಾರೆ ಅಂತ ಮುಚ್ಚಿಡೋದು ಇದೆಯಲ್ಲ, ಅದೇ ದೊಡ್ಡ ಅಪಾಯ. ಬೈದರೆ ಬೈಯಲಿ, ರಿಜಿಸ್ಟರಿನಲ್ಲಿ ಬರೆಸಲೇಬೇಕು. ವಿದ್ಯಾರ್ಥಿನಿ ಹೇಳೋಕೆ ಹೆದರುವ ವಾರ್ಡು ಇದ್ದರೆ ತಪ್ಪು ಆ ವಾರ್ಡಿನದು, ಹುಡುಗಿಯದಲ್ಲ.

ನಿಮ್ಮ ಹೆಂಡತಿಯ 72 ತಾಸು ಎಂದೋ ದಾಟಿದೆ. ಆದರೂ ಸುಮ್ನೆ ಕೂರಬೇಡಿ, ಹೆದರಿ ಕಂಗಾಲಾಗಲೂ ಬೇಡಿ. ಎಚ್‌.ಐ.ವಿ. ಇದ್ದ ರೋಗಿಯ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಮೂರು ಅಷ್ಟೇ. ನಿಮ್ಮ ಪ್ರಕರಣದಲ್ಲಿ ಆ ರೋಗಿಗೆ ಅದು ಇತ್ತೋ ಇಲ್ಲವೋ ಅನ್ನೋದೇ ಗೊತ್ತಿಲ್ಲ. ನನಗೆ ಹೆಚ್ಚು ಚಿಂತೆ ಹೆಪಟೈಟಿಸ್ ಬಿ ಬಗ್ಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಅದು ಎಚ್‌.ಐ.ವಿ.ಗಿಂತ ಎಷ್ಟೋ ಪಾಲು ಸುಲಭವಾಗಿ ತಗಲುತ್ತದೆ. ಹಾಗಾಗಿ ಮೊದಲು ಅವಳ ಲಸಿಕೆ ಕಾರ್ಡು ಹುಡುಕಿ. ಮೂರು ಡೋಸು ಇರಬೇಕು: ಮೊದಲನೆಯದು, ಅದಾಗಿ ಒಂದು ತಿಂಗಳಿಗೆ ಎರಡನೆಯದು, ಮೊದಲನೆಯದಾಗಿ ಆರು ತಿಂಗಳಿಗೆ ಮೂರನೆಯದು. ಎರಡು ಹಾಕಿಸಿ ಮೂರನೆಯದು ಮರೆಯುವವರೂ ಇದ್ದಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಎಚ್‌.ಐ.ವಿ. ಸಲಹೆ, ಪರೀಕ್ಷೆ ಮಾಡುವ ಐ.ಸಿ.ಟಿ.ಸಿ. ಕೇಂದ್ರಕ್ಕೆ ಇಬ್ಬರೂ ಹೋಗಿ, ನಡೆದದ್ದನ್ನು ಹಾಗೇ ಹೇಳಿ. ಎಚ್‌.ಐ.ವಿ. ಪರೀಕ್ಷೆ ಪುಕ್ಕಟೆ, ವಿಷಯ ಗುಟ್ಟಾಗಿಯೂ ಇಡುತ್ತಾರೆ. ಹೆಪಟೈಟಿಸ್ ಪರೀಕ್ಷೆ ಎಲ್ಲಿ ಅಂತ ಅಲ್ಲೇ ಕೇಳಿಕೊಳ್ಳಿ. ಮುಂದಿನ ಪರೀಕ್ಷೆಗೆ ಕೊಟ್ಟ ತಾರೀಕು ತಪ್ಪಿಸಬೇಡಿ, ಎಲ್ಲ ವರದಿ ಬರುವವರೆಗೆ ಕಾಂಡೋಮ್ ಬಳಸಿ. ಇದನ್ನು ಪತ್ರಿಕೆಯಲ್ಲಿ ಬರೆಯೋಕೆ ನನಗೇನೂ ನಾಚಿಕೆ ಇಲ್ಲ, ನೀವೂ ನಾಚಿಕೊಂಡು ಓದಬೇಡಿ.

ಬಟ್ಟೆ ಬಗ್ಗೆ: ಯೂನಿಫಾರ್ಮ್ ಬೇರೆ ನೆನೆಹಾಕಿ ಒಗೆದು ಬಿಸಿಲಿಗೆ ಹಾಕೋದು ಒಳ್ಳೆಯ ಅಭ್ಯಾಸ, ಅದು ಎಲ್ಲ ನರ್ಸ್‌ಗಳಿಗೂ ಒಳ್ಳೆಯದೇ. ಅವಳನ್ನು ಬೇರೆ ಇಡೋದಕ್ಕೆ ಅದನ್ನು ನೆಪ ಮಾಡಬೇಡಿ. ಇನ್ನು ಮುಂದೆ ಬಳಸಿದ ಸೂಜಿಗೆ ಮುಚ್ಚಳ ಹಾಕೋಕೆ ಹೋಗಬಾರದು ಅಂತ ಅವಳಿಗೆ ನೆನಪು ಮಾಡಿ. ಎಷ್ಟೋ ಸಲ ಸೂಜಿ ಚುಚ್ಚೋದು ಆಗಲೇ. ಬಳಸಿದ ಕೂಡಲೇ ನೀಡಲ್ ಕಟ್ಟರಿಗೆ ಅಥವಾ ಚೂಪು ವಸ್ತುಗಳ ಬಿಳಿ ಡಬ್ಬಿಗೆ.

ಪ್ರಶ್ನೆ: ಬೆಳಗಾವಿಯಲ್ಲಿ ಮೊದಲನೇ ವರ್ಷ ಓದುತ್ತಿದ್ದೇನೆ. ಬಿ.ಪಿ. ನೋಡೋದು ಕಲಿಯೋಕೆ ಮನೆಯಲ್ಲಿ ಇರೋದು ಯಜಮಾನರೊಬ್ಬರೇ. ನಾನು ನೋಡಿದರೆ 150 ಬರುತ್ತದೆ, ಕ್ಲಿನಿಕ್ಕಿನಲ್ಲಿ ನೋಡಿದರೆ 124. ನಿಮ್ಮ ಕಾಲೇಜಿನಲ್ಲಿ ಏನು ಕಲಿಸ್ತಾರೆ ಅಂತ ನಗುತ್ತಾರೆ.

ಉತ್ತರ: ನಗಲಿ ಬಿಡಿ, ತೋಳು ಕೊಡುತ್ತಿದ್ದಾರಲ್ಲ. ಬಹುಶಃ ನಿಮ್ಮ ಕಿವಿಯ ತಪ್ಪಲ್ಲ, ಅವರನ್ನು ಕೂರಿಸಿದ ರೀತಿಯ ತಪ್ಪು. ಅಂಗಡಿಯಿಂದ ಬಂದವರನ್ನು ಬಾಗಿಲಲ್ಲೇ ಹಿಡಿದು ನೋಡುತ್ತೀರಾ? ಐದು ನಿಮಿಷ ಸುಮ್ಮನೆ ಕೂರಿಸಿ. ಬೆನ್ನಿಗೆ ಆಸರೆ, ಪಾದ ಎರಡೂ ನೆಲಕ್ಕೆ, ಕಾಲ ಮೇಲೆ ಕಾಲು ಬೇಡ. ಚಾ, ತಂಬಾಕು ಆಗಿ ಅರ್ಧ ತಾಸು ಕಳೆದಿರಲಿ. ಮೂತ್ರಕ್ಕೆ ಹೋಗಿ ಬಂದಿರಲಿ. ತೋಳನ್ನು ಟೇಬಲ್ ಮೇಲೆ ಎದೆಯ ಮಟ್ಟಕ್ಕೆ ಇಡಿಸಿ, ಅಂಗಿ ತೋಳು ಮೇಲೆ ಸರಿಸಿ ಬರಿಮೈಗೆ ಪಟ್ಟಿ ಕಟ್ಟಿ, ಪಟ್ಟಿಯ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಅವರ ತೋಳು ದಪ್ಪ ಇದ್ದು ಪಟ್ಟಿ ಸಣ್ಣದಾದರೆ ಬಿ.ಪಿ. ಸುಳ್ಳೇ ಜಾಸ್ತಿ ತೋರಿಸುತ್ತದೆ.

ಮೊದಲು ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ನಾಡಿ ಎಲ್ಲಿ ನಿಂತಿತು ನೋಡಿ, ಗಾಳಿ ಬಿಡಿ. ಆಮೇಲೆ ಸ್ಟೆತಸ್ಕೋಪ್ ಇಟ್ಟು ಆ ಅಂಕಿಗಿಂತ 20ರಿಂದ 30 ಮೇಲೆ ತುಂಬಿ, ಸೆಕೆಂಡಿಗೆ ಎರಡು ಮಿಲಿಮೀಟರಿನಂತೆ ನಿಧಾನ ಇಳಿಸಿ, ನಿಮ್ಮ ಗೀಟು ಎರಡೆರಡು ಮಿಲಿಮೀಟರಿನದಾದರೆ ಒಂದೇ ಗೀಟು. ಮೊದಲ ಟಕ್ ಸದ್ದು ಮೇಲಿನ ಅಂಕಿ, ಸದ್ದು ಪೂರ್ತಿ ನಿಂತದ್ದು ಕೆಳಗಿನದು. ಆ ಹೊತ್ತಿನಲ್ಲಿ ಅವರು ಮಾತಾಡಬಾರದು, ನಗಲೂಬಾರದು. ಇಷ್ಟೆಲ್ಲ ಮಾಡಿದ ಮೇಲೂ ಬೇರೆ ಬೇರೆ ದಿನ 140/90 ಅಥವಾ ಮೇಲೆಯೇ ಬರುತ್ತಿದ್ದರೆ ಕ್ಲಿನಿಕ್ಕಿನ 124 ನಂಬಿ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಜಮಖಂಡಿ. ಹೆಂಡತಿ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಅನಾಟಮಿ ಪುಸ್ತಕ ಹಿಡಿದು ಅಳುತ್ತಾಳೆ. ನಾನು ಓದಿದ್ದು ಐ.ಟಿ.ಐ., ನನ್ನಿಂದ ಏನಾಗುತ್ತದೆ?

ಉತ್ತರ: ಬೇಕಾದಷ್ಟು ಆಗುತ್ತದೆ. ದಿನಾ ರಾತ್ರಿ ಉಂಡ ಮೇಲೆ ಅವತ್ತಿನ ಪಾಠವನ್ನು ಕನ್ನಡದಲ್ಲಿ ನಿಮಗೆ ಹೇಳಲಿ, ನಮ್ಮ ಮನೆ ಮಾತಿನಲ್ಲೇ. ರಕ್ತ ಎದೆಯಿಂದ ಹೊರಟು ಎಲ್ಲೆಲ್ಲಿ ಹೋಗಿ ಬರುತ್ತದೆ ಅಂತ. ನಿಮಗೆ ತಿಳಿಯದಿದ್ದಲ್ಲಿ ತಡೆದು ಕೇಳಿ, ಐ.ಟಿ.ಐ. ಮಾಡಿದವರಿಗೆ ಪಂಪು, ವಾಲ್ವು ಗೊತ್ತಿರುತ್ತದಲ್ಲ. ಹೇಳೋಕೆ ಬರದ ಜಾಗವೇ ಅವಳಿಗೆ ತಿಳಿಯದ ಜಾಗ, ಮಾರನೇ ದಿನ ಅದನ್ನಷ್ಟೇ ಮೇಡಂ ಹತ್ತಿರ ಕೇಳಿಕೊಂಡು ಬರಲಿ. ಆದರೆ ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕು, ಆದ್ದರಿಂದ ಭಾನುವಾರ ಹಳೇ ಪ್ರಶ್ನೆಪತ್ರಿಕೆಯ ಒಂದು ಉತ್ತರ ಇಂಗ್ಲಿಷಿನಲ್ಲಿ ಬರೆಯಲಿ, ಚಿತ್ರ ಸಮೇತ. ನೀವು ಗಡಿಯಾರ ಹಿಡಿದು ಕೂರಿ. ತಪ್ಪು ಹುಡುಕೋ ಕೆಲಸ ಮೇಡಂಗೆ ಬಿಡಿ.