ಕಾಲಿನ ರಕ್ತನಾಳ ಕಟ್ಟಿಕೊಳ್ಳುವುದಕ್ಕೆ ಉರಿಯೂತ ಕಾರಣವಂತೆ, ಹಾಗಾದರೆ ಊತ-ನೋವಿನ ಮಾತ್ರೆ ಸಾಕಲ್ಲವೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ತಂದೆಯವರಿಗೆ ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ. ಕಾಲಿನ ರಕ್ತನಾಳ ಕಿರಿದಾಗಿದೆ ಎಂದು ಡಾಕ್ಟರ್ ಹೇಳಿದ್ದಾರೆ. ಇದಕ್ಕೆ ಮೂಲ ಉರಿಯೂತ ಎಂದು ನೀವು ಎಲ್ಲೋ ಓದಿದ್ದೀರಿ. ಮನೆಯಲ್ಲಿ ಊತ-ನೋವಿನ ಮಾತ್ರೆ ಇದ್ದೇ ಇದೆ, ಅದನ್ನೇ ಕೊಟ್ಟರಾಯಿತಲ್ಲ ಎಂದು ಕೇಳುತ್ತಿದ್ದೀರಿ.

ಆಗದು. ನೀವು ಓದಿದ್ದು ಸುಳ್ಳಲ್ಲ, ಆದರೂ ಆ ಮಾತ್ರೆ ಬೇಡ. ಕಾಲಿನ ರಕ್ತನಾಳಗಳ ಶಸ್ತ್ರಚಿಕಿತ್ಸೆ ನನ್ನ ಕಸುಬು, ಈ ಪ್ರಶ್ನೆ ನನ್ನ ಮುಂದೆ ಆಗಾಗ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಗೊಂದಲಕ್ಕೆ ಅರ್ಧ ಕಾರಣ ನಮ್ಮ ಪದವೇ. ಉರಿ ಮತ್ತು ಊತ ಸೇರಿ ಉರಿಯೂತ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ ಲೇಖಕ ಸೆಲ್ಸಸ್ ಪಟ್ಟಿ ಮಾಡಿದ ಲಕ್ಷಣಗಳೂ ಅವೇ: ಕೆಂಪು, ಊತ, ಬಿಸಿ, ನೋವು. ಕುರು ಎದ್ದಾಗ, ಕಾಲು ಉಳುಕಿದಾಗ ಇದೆಲ್ಲ ಸರಿ. ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಕಟ್ಟಿದ ಕಾಲನ್ನು ಒಮ್ಮೆ ಮುಟ್ಟಿ ನೋಡಿ. ತಣ್ಣಗಿರುತ್ತದೆ. ಊದುವ ಬದಲು ಸೊರಗಿರುತ್ತದೆ, ಕೂದಲು ಉದುರಿ ಚರ್ಮ ಹೊಳೆಯುತ್ತಿರುತ್ತದೆ. ಉರಿಯೂ ಕಾಣದು, ಊತವೂ ಕಾಣದು. ಉರಿಯೂತ ನಡೆಯುತ್ತಿರುವುದು ನಾಳದ ಗೋಡೆಯೊಳಗೆ, ಹತ್ತಾರು ವರ್ಷಗಳಿಂದ, ಸದ್ದಿಲ್ಲದೆ. ನಡೆದಾಗ ಬರುವ ನೋವು ಆ ಉರಿಯೂತದ್ದಲ್ಲ. ಕೆಲಸ ಮಾಡುತ್ತಿರುವ ಸ್ನಾಯುವಿಗೆ ಬೇಕಾದಷ್ಟು ರಕ್ತ ತಲುಪದಿರುವುದರದ್ದು.

ನಾಳದ ಒಳಮೈಗೆ ಒಂದೇ ಕೋಶದಷ್ಟು ತೆಳುವಾದ ಪದರವಿದೆ, ಎಂಡೋಥೀಲಿಯಂ. ಅದು ಆರೋಗ್ಯವಾಗಿರುವವರೆಗೆ ಹರಿಯುವ ರಕ್ತದಲ್ಲಿ ಯಾವುದೂ ಅದಕ್ಕೆ ಅಂಟುವುದಿಲ್ಲ. ತಂಬಾಕಿನ ಹೊಗೆ, ಸಕ್ಕರೆ ಕಾಯಿಲೆ, ಏರಿದ ರಕ್ತದೊತ್ತಡ ಅದನ್ನು ಕೆಡಿಸುತ್ತವೆ. ಕೆಟ್ಟ ಕೊಲೆಸ್ಟರಾಲ್ ಎನ್ನುತ್ತೇವಲ್ಲ, ಆ ಎಲ್‌ಡಿಎಲ್ ಕಣಗಳು ಗೋಡೆಯೊಳಗೆ ನುಸುಳಿ, ಸಿಕ್ಕಿಕೊಂಡು, ಅಲ್ಲೇ ರಾಸಾಯನಿಕವಾಗಿ ಬದಲಾಗುತ್ತವೆ. ದೇಹ ಅದನ್ನು ಗಾಯವೆಂದೇ ತಿಳಿಯುತ್ತದೆ. ಪದರದ ಮೇಲೆ ಅಂಟುವ ಪ್ರೋಟೀನುಗಳು ಮೂಡುತ್ತವೆ, ದಾರಿಯಲ್ಲಿ ಹೋಗುತ್ತಿದ್ದ ಬಿಳಿ ರಕ್ತಕಣಗಳು ಅದಕ್ಕೆ ಸಿಕ್ಕಿ ಒಳಗೆ ನುಗ್ಗುತ್ತವೆ, ಅಲ್ಲಿ ಮ್ಯಾಕ್ರೋಫೇಜ್‌ಗಳಾಗಿ ಕೊಬ್ಬನ್ನು ನುಂಗುತ್ತವೆ. ನುಂಗಿ ನುಂಗಿ ನೊರೆಯಂತೆ ಉಬ್ಬಿ ಅಲ್ಲೇ ಸಾಯುತ್ತವೆ. ಸಾಯುವ ಮುನ್ನ ಇಂಟರ್‌ಲ್ಯೂಕಿನ್‌ಗಳೆಂಬ ಸಂಕೇತಗಳನ್ನು ಬಿಟ್ಟು ಇನ್ನಷ್ಟು ಕಣಗಳನ್ನು ಕರೆದಿರುತ್ತವೆ. ಕಸ ಗುಡಿಸಲು ಬಂದವರೇ ಕಸವಾಗಿ ಬೀಳುವ ಕಥೆ. ತೊಡೆಸಂದಿನ ಅಪಧಮನಿಯನ್ನು ಸೀಳಿ ಈ ರಾಶಿಯನ್ನು ಹೊರತೆಗೆಯುವಾಗ ಕೆಲವು ಕಡೆ ಅದು ಗಂಜಿಯಂತಿರುತ್ತದೆ (ಅಥಿರೋಮಾ ಎಂಬ ಪದದ ಗ್ರೀಕ್ ಮೂಲಕ್ಕೂ ಅದೇ ಅರ್ಥ), ಕೆಲವು ಕಡೆ ಸುಣ್ಣ ಕಟ್ಟಿ ಕತ್ತರಿಗೂ ಬಗ್ಗುವುದಿಲ್ಲ. ಸುಣ್ಣಗಟ್ಟಿದ ಈ ಭಾಗವನ್ನು ಯಾವ ಮಾತ್ರೆಯೂ ಕರಗಿಸದು.

ಇದು ಹೊಸ ವಿಚಾರವೂ ಅಲ್ಲ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ 19ನೇ ಶತಮಾನದಲ್ಲೇ ನಾಳದ ಗೋಡೆಯ ಉರಿಯೂತದ ಮಾತಾಡಿದ್ದ. ಆಮೇಲೆ ಕೊಲೆಸ್ಟರಾಲ್ ಎಲ್ಲರ ಗಮನ ಸೆಳೆಯಿತು. 1999ರಲ್ಲಿ ಅಮೆರಿಕದ ಸಂಶೋಧಕ ರಸೆಲ್ ರಾಸ್ ನಾಳ ಕಟ್ಟುವುದನ್ನು ಉರಿಯೂತದ ಕಾಯಿಲೆ ಎಂದೇ ಕರೆದು ಲೇಖನ ಬರೆದ ಮೇಲೆ ಮಾತು ಮತ್ತೆ ಈ ಕಡೆ ತಿರುಗಿತು.

ಹಾಗಿದ್ದರೆ ಉರಿಯೂತವನ್ನು ತಡೆದರೆ ಲಾಭವಿದೆಯೇ? ಇದನ್ನು ನೇರವಾಗಿ ಪರೀಕ್ಷಿಸಿದ್ದು 2017ರ ಕ್ಯಾಂಟೋಸ್ ಅಧ್ಯಯನ. ಒಮ್ಮೆ ಹೃದಯಾಘಾತವಾಗಿದ್ದ ಸುಮಾರು 10,000 ಜನರಲ್ಲಿ, ಇಂಟರ್‌ಲ್ಯೂಕಿನ್-1 ಬೀಟಾ ಒಂದನ್ನೇ ತಡೆಯುವ ಕನಾಕಿನುಮ್ಯಾಬ್ ಚುಚ್ಚುಮದ್ದು ಕೊಟ್ಟು ನೋಡಿದರು. ಕೊಲೆಸ್ಟರಾಲ್ ಇಳಿಯದಿದ್ದರೂ 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ 15% ಕಡಿಮೆಯಾದವು. ಆದರೆ ಮಾರಕ ಸೋಂಕುಗಳು ಹೆಚ್ಚಿದವು, ಒಟ್ಟು ಸಾವು ಇಳಿಯಲಿಲ್ಲ. ಆಮೇಲೆ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಟ್ಟಿದ್ದರು. ಅದೂ ಉರಿಯೂತದ ಮದ್ದೇ, ಏನೂ ಪ್ರಯೋಜನವಾಗಲಿಲ್ಲ. ಅಂದರೆ ಉರಿಯೂತಕ್ಕೆ ನೂರು ಬಾಗಿಲು, ಸರಿಯಾದದ್ದನ್ನು ಮುಚ್ಚಬೇಕು.

ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಊತ-ನೋವಿನ ಮಾತ್ರೆಗಳು ಮುಚ್ಚುವುದು ಬೇರೆಯೇ ಬಾಗಿಲನ್ನು. ಅವು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ, ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೂ ಹೊರೆ. ಐಬುಪ್ರೊಫೆನ್ ಅಂತೂ ಆಸ್ಪಿರಿನ್‌ನ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಣಕ್ಕೇ ಅಡ್ಡ ಬರಬಲ್ಲದು. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ ನಾಳಗಳೂ ಕೆಟ್ಟಿರುವ ಸಾಧ್ಯತೆ ಹೆಚ್ಚು ಎಂಬುದು ನೆನಪಿರಲಿ.

ನಾಳದೊಳಗಿನ ಉರಿಯೂತ ಇಳಿಸುವ ದಾರಿಗಳು ಇದಕ್ಕಿಂತ ಸಪ್ಪೆ. ತಂದೆಯವರು ಬೀಡಿ-ಸಿಗರೇಟು ಸೇದುತ್ತಿದ್ದರೆ ಬಿಡುವುದು ಮೊದಲನೆಯದು, ಅದಕ್ಕೆ ಸಾಟಿ ಯಾವುದೂ ಇಲ್ಲ. ಎರಡನೆಯದು ಸ್ಟಾಟಿನ್, ಅಂದರೆ ಕೊಲೆಸ್ಟರಾಲ್ ಇಳಿಸುವ ಮಾತ್ರೆ. 'ಅವರ ಕೊಲೆಸ್ಟರಾಲ್ ನಾರ್ಮಲ್ ಇದೆ, ಯಾಕೆ ಇದು?' ಎಂದು ಬಹಳ ಜನ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. 2008ರ ಜುಪಿಟರ್ ಅಧ್ಯಯನದಲ್ಲಿ ರೋಸುವಾಸ್ಟಾಟಿನ್ ಎಲ್‌ಡಿಎಲ್ ಅನ್ನು 50% ಇಳಿಸಿದ್ದಲ್ಲದೆ ಉರಿಯೂತದ ಸೂಚಕವಾದ ಸಿಆರ್‌ಪಿಯನ್ನೂ 37% ಇಳಿಸಿತ್ತು.

ಮೂರನೆಯದು ನಡಿಗೆ, ಅದೂ ನೋವು ಬರುವ ತನಕ. ನೋವು ಜೋರಾದಾಗ ನಿಲ್ಲುವುದು, ಹೋದ ಮೇಲೆ ಮತ್ತೆ ನಡೆಯುವುದು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನ, ಕನಿಷ್ಠ 12 ವಾರ. ಹೃದಯದ ಸ್ಥಿತಿ ನೋಡಿ ಡಾಕ್ಟರ್ ಒಪ್ಪಬೇಕು, ಕಾಲಲ್ಲಿ ಗಾಯ ಇರಬಾರದು. ನೋವು ಬಂದರೆ ಕಾಲು ಹಾಳಾಗುತ್ತದೆ ಎಂಬ ಭಯದಲ್ಲಿ ಮನೆಯವರೇ ಇವರನ್ನು ಕೂರಿಸಿಬಿಡುವುದನ್ನು ಎಷ್ಟೋ ಸಲ ನೋಡಿದ್ದೇನೆ, ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಕೂತಷ್ಟೂ ನಡೆಯಬಲ್ಲ ದೂರ ಕುಗ್ಗುತ್ತದೆ.

ಸಿಆರ್‌ಪಿ ಪರೀಕ್ಷೆ ಮಾಡಿಸಲೇ ಎಂದೂ ಕೇಳಿದ್ದೀರಿ. ನನ್ನ ಮಟ್ಟಿಗೆ ಅಗತ್ಯವಿಲ್ಲ. ನೆಗಡಿ ಬಂದರೂ ಅದು ಏರುತ್ತದೆ. ಕಾಲಿನ ಸ್ಥಿತಿ ತಿಳಿಯಲು ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸುವ ಎಬಿಐ ಎಂಬ ಪರೀಕ್ಷೆ ಸಾಕು, 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಟ್ಟಿದೆ ಎಂದರ್ಥ. ಬಹುಕಾಲದ ಸಕ್ಕರೆ ಕಾಯಿಲೆ ಇದ್ದು ನಾಳಗಳು ಸುಣ್ಣಗಟ್ಟಿದ್ದರೆ ಸಂಖ್ಯೆ 1.40 ದಾಟಿ ಮೋಸ ಮಾಡುತ್ತದೆ, ಆಗ ಕಾಲಿನ ಹೆಬ್ಬೆರಳಿನ ರಕ್ತದೊತ್ತಡ ನೋಡಬೇಕು.

ಇನ್ನು ಕಾಲು ನಿಜವಾಗಿಯೂ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದರೆ ಅದು ಅಪಧಮನಿಯ ಕಥೆಯಲ್ಲ. ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ) ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಚರ್ಮಕ್ಕೆ ಸೋಂಕು ತಗುಲಿರಬಹುದು, ಬೇಗ ತೋರಿಸಿ. ಅಂಗಡಿಯಿಂದ ಬಿಗಿ ಸ್ಟಾಕಿಂಗ್ಸ್ ತಂದು ಹಾಕಬೇಡಿ. ಅಪಧಮನಿ ಬಹಳ ಕಟ್ಟಿರುವ ಕಾಲಿಗೆ ಅದು ಉಳಿದ ರಕ್ತವನ್ನೂ ತಡೆಯುತ್ತದೆ.

ಮಲಗಿದಾಗ ಪಾದ ನೋಯುತ್ತಿದ್ದು, ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತಿದ್ದರೆ, ಅಥವಾ ಬೆರಳಿನ ಗಾಯ ಮಾಯದಿದ್ದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಈ ವಾರವೇ ಹೋಗಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ತಣ್ಣಗಾಗಿ, ಜೋಮು ಹಿಡಿದು ಬೆರಳು ಆಡಿಸಲು ಆಗದಿದ್ದರೆ ಬೆಳಗಾಗಲಿ ಎಂದೂ ಕಾಯಬೇಡಿ. ಆಗ ಉಳಿದಿರುವುದು ಕೆಲವೇ ಗಂಟೆ.