ಫಿನಾಯಿಲ್ ಹಾಕಿದರೂ ವಾಸನೆ ಯಾಕೆ ಹೋಗಲ್ಲ?

ಪ್ರಶ್ನೆ: ಅಕ್ಕಾ, ನಮ್ಮದು ಬಾಡಿಗೆ ಮನೆ. ಹಳೇದು, ಕೆಂಪು ಗಾರೆ ನೆಲ. ಗಂಡು ಬೆಕ್ಕಿಗೆ ಈಗ ಒಂದು ವರ್ಷ. ಬಾಗಿಲ ಮೂಲೆ, ಸೋಫಾ ಕಾಲು, ಅಕ್ಕಿ ಮೂಟೆ ಎಲ್ಲಕ್ಕೂ ಉಚ್ಚೆ ಹಾರಿಸುತ್ತಿದೆ. ದಿನಾ ಫಿನಾಯಿಲ್ ಹಾಕಿ ಒರೆಸುತ್ತೇನೆ, ಸಂಜೆ ಸಾಂಬ್ರಾಣಿ ಹಾಕುತ್ತೇನೆ. ಮಧ್ಯಾಹ್ನ ಬಿಸಿಲೇರಿದರೆ ಮತ್ತೆ ಅದೇ ನಾತ. ಬೆಕ್ಕು ಬಿಡಿ, ಇಲ್ಲ ಮನೆ ಬಿಡಿ ಅನ್ನುತ್ತಿದ್ದಾರೆ ಮಾಲೀಕರು.
– ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ಬೆಕ್ಕನ್ನೂ ಬಿಡಬೇಡಿ, ಮನೆಯನ್ನೂ ಬಿಡಬೇಡಿ. ಮೊದಲು ಫಿನಾಯಿಲ್ ಬಿಡಿ. ಕಪ್ಪು ಫಿನಾಯಿಲ್‌ನಲ್ಲಿ ಫೀನಾಲ್ ಜಾತಿಯ ರಾಸಾಯನಿಕ ಇರುತ್ತದೆ. ನಮ್ಮ ಲಿವರ್ ಅದನ್ನು ಹೇಗೋ ಅರಗಿಸಿ ಹೊರಗೆ ಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ತುಂಬಾ ಕಡಿಮೆ. ಒದ್ದೆ ನೆಲದ ಮೇಲೆ ಓಡಾಡಿ, ಆಮೇಲೆ ಕೂತು ಪಾದ ನೆಕ್ಕಿಕೊಳ್ಳುತ್ತದೆ ಅಲ್ವಾ, ಅಲ್ಲೇ ವಿಷ ಹೊಟ್ಟೆಗೆ ಹೋಗುತ್ತದೆ. ಪೈನ್ ಎಣ್ಣೆಯ ಬಿಳಿ ಫಿನಾಯಿಲ್ ಕೂಡ ಅದಕ್ಕೆ ಒಳ್ಳೆಯದಲ್ಲ.

ಇನ್ನು ವಾಸನೆಯ ವಿಷಯ. ಬೆಕ್ಕಿನ ಉಚ್ಚೆಯಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಬರುತ್ತದೆ. ಜೊತೆಗೆ ಫೆಲಿನೈನ್ ಎಂಬ ಗಂಧಕವಿರುವ ವಸ್ತು ಒಂದಿದೆ. ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕಿನಲ್ಲಿ ಇದು ಬಹಳ ಜಾಸ್ತಿ. ಅದು ನಿಧಾನವಾಗಿ ಒಡೆಯುವುದರಿಂದ ಮೂಗು ಮುಚ್ಚುವಂಥ ಆ ನಾತ ದಿನ ಕಳೆದಂತೆ ಏರುತ್ತದೆ. ಗಾರೆ ನೆಲ ಉಚ್ಚೆಯನ್ನು ಒಳಗೆ ಹೀರಿಕೊಂಡಿರುತ್ತದೆ. ನೀವು ಒರೆಸುವುದು ಮೇಲಿನದನ್ನು ಮಾತ್ರ, ನೆಲ ಕಾದಾಗ ಒಳಗಿನದು ಮತ್ತೆ ಏಳುತ್ತದೆ. ಸಾಂಬ್ರಾಣಿ ಅದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ ಅಷ್ಟೇ. ಬೆಕ್ಕಿನ ಮೂಗಿಗೆ ಅದು ಮುಚ್ಚಿಯೇ ಇರುವುದಿಲ್ಲ, ಹಾಗಾಗಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ.

ರಾತ್ರಿ ದೀಪ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟು ನೋಡಿ. ಹಳೇ ಕಲೆಗಳು ಹೊಳೆಯುತ್ತವೆ, ನೀವು ಊಹಿಸದ ಕಡೆಯೂ ಸಿಗಬಹುದು. ಆ ಜಾಗಗಳನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿ, ಫಿನಾಯಿಲ್ ಅಂಶ ಉಳಿಯಬಾರದು. ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ (ಉಚ್ಚೆಯ ಅಂಶವನ್ನೇ ಒಡೆಯುವ ದ್ರಾವಣ) ಧಾರಾಳವಾಗಿ ಸುರಿಯಿರಿ. ತಕ್ಷಣ ಒರೆಸಿದರೆ ದುಡ್ಡು ದಂಡ. ಡಬ್ಬದ ಮೇಲೆ ಬರೆದಷ್ಟು ಹೊತ್ತು ಅದು ಒದ್ದೆಯಾಗಿಯೇ ಇರಬೇಕು, ಬೇಗ ಒಣಗುವ ದಿನವಾದರೆ ಮೇಲೆ ಒದ್ದೆ ಬಟ್ಟೆ ಹಾಸಿ. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗುತ್ತದೆ. ಅಕ್ಕಿಯನ್ನು ಮುಚ್ಚಳದ ಡ್ರಮ್ಮಿಗೆ ಹಾಕಿ, ಆ ಗೋಣಿಚೀಲ ಬಿಸಾಡಿ. ಬ್ಲೀಚಿಂಗ್ ಪೌಡರ್ ಮಾತ್ರ ಬೇಡವೇ ಬೇಡ. ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಉಸಿರಾಟಕ್ಕೆ ಕೆಟ್ಟ ಅನಿಲ ಏಳುತ್ತದೆ. ಬ್ಲೀಚ್ ಜೊತೆ ವಿನೆಗರ್ ಬೆರೆಸುವುದೂ ಅಷ್ಟೇ ಅಪಾಯ.

ಇಷ್ಟೆಲ್ಲ ಮಾಡಿಯೂ ಬೆಕ್ಕಿಗೆ ಆಪರೇಷನ್ ಮಾಡಿಸದಿದ್ದರೆ ಸುಮ್ನೆ ನೆಲ ತೊಳೆಯುತ್ತಲೇ ಇರುತ್ತೀರಿ. ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೀಗೆ ಹಾರಿಸುವುದನ್ನು ಬಿಡುತ್ತವೆ ಇಲ್ಲವೇ ತುಂಬಾ ಕಡಿಮೆ ಮಾಡುತ್ತವೆ, ಕೆಲವಕ್ಕೆ ವಾರಗಟ್ಟಲೆ ಹಿಡಿಯಬಹುದು. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಬೆಕ್ಕು ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೆ, ಹನಿ ಹನಿ ಬಂದರೆ ಅಥವಾ ಏನೂ ಬಾರದಿದ್ದರೆ ಅದು ಚೇಷ್ಟೆಯಲ್ಲ. ಮೂತ್ರ ಕಟ್ಟಿರಬಹುದು. ಗಂಡು ಬೆಕ್ಕಿಗೆ ಇದು ಜೀವಕ್ಕೇ ಅಪಾಯ, ಅವತ್ತೇ ಡಾಕ್ಟರ ಹತ್ತಿರ ಓಡಿ.

ಪ್ರಶ್ನೆ: ನಾಯಿಗೆ ಸ್ನಾನ ಮಾಡಿಸಿದ ಎರಡೇ ದಿನಕ್ಕೆ ಮನೆಯೆಲ್ಲ ಕಮಟು ವಾಸನೆ. ನಮ್ಮದು ಬೋರ್‌ವೆಲ್ ನೀರು. ವಾರಕ್ಕೆ ಎರಡು ಸಲ ನಾವು ಹಚ್ಚಿಕೊಳ್ಳುವ ಸೋಪನ್ನೇ ಹಾಕಿ ಉಜ್ಜುತ್ತೇವೆ.
– ಓದುಗರು, ಚಿಂತಾಮಣಿ

ಉತ್ತರ: ನಿಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮ್ಮ ಬಕೆಟ್ ಅಂಚಿನ ಬಿಳಿ ಕಲೆಯೇ ಹೇಳುತ್ತದೆ. ಆ ನೀರಿಗೆ ಸೋಪು ಹಾಕಿದರೆ ನೊರೆ ಬರುವ ಬದಲು ಜಿಡ್ಡಿನ ಗಸಿಯಾಗಿ ಕೂದಲ ಬುಡದಲ್ಲಿ ಕೂರುತ್ತದೆ, ಧೂಳು ಅಂಟುತ್ತದೆ, ಚರ್ಮ ಕೆರೆಯುತ್ತದೆ. ನಾಯಿಯ ಚರ್ಮ ನಮ್ಮದಕ್ಕಿಂತ ಕಡಿಮೆ ಆಮ್ಲೀಯ, ನಮ್ಮ ಸೋಪು ಅದಕ್ಕೆ ಒಗ್ಗುವುದಿಲ್ಲ. ನಾಯಿ ಶಾಂಪೂ ತನ್ನಿ. ಡಾಕ್ಟರು ಬೇರೆ ಹೇಳದಿದ್ದರೆ ತಿಂಗಳಿಗೆ ಒಂದೆರಡು ಸಲ ಸಾಕು. ಕೊನೆಯ ಎರಡು ಚೊಂಬು ಮಳೆನೀರು ಅಥವಾ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಹಾಕಿ. ಬುಡದವರೆಗೆ ಒಣಗಿಸಿ, ಒದ್ದೆ ಕೂದಲೇ ಅರ್ಧ ವಾಸನೆ.

ಆಮೇಲೆ ಕಿವಿ ಮೂಸಿ ನೋಡಿ. ಹುಳಿ ವಾಸನೆ, ಕಂದು ಗುಗ್ಗೆ ಇದ್ದರೆ ಸೋಂಕು. ಬಾಯಿ ನಾರಿದರೆ ಹಲ್ಲಿನ ಪಾಚಿ. ಮೀನಿನಂಥ ವಾಸನೆ ಬಂದು ಹಿಂಭಾಗ ನೆಲಕ್ಕೆ ಉಜ್ಜುತ್ತಿದ್ದರೆ ಗುದದ ಪಕ್ಕದ ಗ್ರಂಥಿ ತುಂಬಿರುತ್ತದೆ. ಮೂರಕ್ಕೂ ಪಶುವೈದ್ಯರೇ ಬೇಕು, ಶಾಂಪೂ ಅಲ್ಲ. ಮಲಗುವ ಬಟ್ಟೆ ವಾರಕ್ಕೊಮ್ಮೆ ಒಗೆದು ಬಿಸಿಲಿಗೆ ಹಾಕಿ.

ಪ್ರಶ್ನೆ: ಮನೆಗೆ ಅಂಟಿಕೊಂಡೇ ರೇಷ್ಮೆ ಹುಳು ಮನೆ ಇದೆ. ನಾಯಿಗೆ ಉಣ್ಣೆ ಹುಳ ಆಗಿ ವಾಸನೆಯೂ ಬರುತ್ತಿದೆ. ಸ್ಪ್ರೇ ಹೊಡೆಯಬಹುದಾ?
– ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ದಯವಿಟ್ಟು ಬೇಡ. ಅಂಥ ಎಷ್ಟೋ ಸ್ಪ್ರೇ, ಪೌಡರ್‌ಗಳಲ್ಲಿ ಪೈರೆಥ್ರಾಯ್ಡ್ ಕೀಟನಾಶಕ ಇರುತ್ತದೆ. ರೇಷ್ಮೆ ಹುಳಕ್ಕೆ ಅದರ ಲೇಶ ತಾಗಿದರೂ ಬೆಳೆ ಹೋಯಿತು. ನಾಯಿ ಮುಟ್ಟಿದ ಕೈಯಲ್ಲಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಕು. ಮನೆಯಲ್ಲಿ ಬೆಕ್ಕಿದ್ದರೆ ಅದಕ್ಕೂ ಇದೇ ಜಾತಿಯ ಪರ್ಮೆಥ್ರಿನ್ ವಿಷ. ಉಣ್ಣೆಗೆ ನುಂಗಿಸುವ ಮಾತ್ರೆಗಳಿವೆ, ಪಶುವೈದ್ಯರಿಗೆ ಹುಳು ಮನೆ ಇದೆ ಎಂದು ಮೊದಲೇ ಹೇಳಿ ನಾಯಿಯ ತೂಕಕ್ಕೆ ತಕ್ಕದ್ದು ಬರೆಸಿಕೊಳ್ಳಿ. ನಾಯಿಯ ಜಾಗ ಸೊಪ್ಪು ಇಡುವ ಕಡೆಯಿಂದ ದೂರ ಇರಲಿ. ನಾಯಿಯ ಜಾಗದ ವಾಸನೆಗೆ ಅಡಿಗೆ ಸೋಡಾ ಉದುರಿಸಿ, ಸ್ವಲ್ಪ ಹೊತ್ತು ಬಿಟ್ಟು ಗುಡಿಸಿ ತೆಗೆಯಿರಿ. ಹುಳು ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆದು ಬಟ್ಟೆ ಬದಲಿಸಿ.